ಕಂಡಿಕೆ ಡಬ್ಬಿ ಬಾರಿಸಿದವಳು ನಾನಲ್ಲ

ಆ ದಿನ ಕಂಡಿಕೆಯ ತಗಡಿನ ಡಬ್ಬಿ ಬಾರಿಸಿದವಳು ನಾನಲ್ಲ. ನನ್ನ ಅಕ್ಕ ಕಮಲಾ. ಇಷ್ಟು ಬರೆಯಲು ನನಗೆ ಮೂವತ್ತೊಂಬತ್ತು ವರ್ಷ ಬೇಕಾಯಿತು.

ನನ್ನ ಪಿಯಾನೋ ಕೇಳಿದವರಿಗೆ ಈ ಕಥೆ ಗೊತ್ತಿರುತ್ತದೆ. ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಡಬ್ಬಿ ಬಾರಿಸುತ್ತಿದ್ದಳು, ಅದನ್ನು ಕೇಳಿದ ಗುರುಗಳು ಅವಳನ್ನು ಕರೆದುಕೊಂಡು ಹೋಗಿ ಜಾಝ್ ಕಲಿಸಿದರು, ಹುಡುಗಿ ಲೋಕ ಸುತ್ತಿದಳು. ನನ್ನ ಧ್ವನಿಮುದ್ರಿಕೆಗಳ ಹಿಂಬದಿಯಲ್ಲೂ ಇದೇ ಇದೆ. ಸಂದರ್ಶನದಲ್ಲಿ ಯಾರಾದರೂ ಕೇಳುವುದು ತಡವಾದರೆ ನಾನೇ ಮಾತು ಆ ಕಡೆ ಎಳೆಯುತ್ತಿದ್ದೆ — ಅಷ್ಟು ರೂಢಿಯಾಗಿಬಿಟ್ಟಿತ್ತು. ಆದರೆ ಬಾರಿಸಿದವಳಿಗೆ ಹನ್ನೊಂದಲ್ಲ, ಹದಿನಾಲ್ಕು. ಅವಳು ಲೋಕ ಸುತ್ತಲಿಲ್ಲ.

ನಮ್ಮದು ಎಂಟು ಪವರ್‌ಲೂಮಿನ ಮನೆ. ಲಾಳಿಯೊಳಗೆ ಕೂಡಿಸುವ ನೂಲಿನ ಸುರುಳಿಗೆ ನಮ್ಮಲ್ಲಿ ಕಂಡಿಕೆ ಅನ್ನುತ್ತಾರೆ. ಅದನ್ನು ಸುತ್ತುವುದು ಅಕ್ಕನ ಕೆಲಸ, ಸುತ್ತಿದ್ದನ್ನು ಡಬ್ಬಿಯಲ್ಲಿ ಹೊತ್ತು ಮಗ್ಗಗಳಿಗೆ ಹಂಚುವುದು ನನ್ನ ಕೆಲಸ. ಡಬ್ಬಿ ಖಾಲಿಯಾದಾಗ ಅಕ್ಕ ಅದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಎರಡು ಬರಿಗಂಡಿಕೆಗಳಿಂದ, ಅಂದರೆ ನೂಲು ತೀರಿದ ಮರದ ಕಡ್ಡಿಗಳಿಂದ, ಬಾರಿಸುತ್ತಿದ್ದಳು. ಎಂಟು ಮಗ್ಗಗಳ ಓಟ ಎಂಟು ಥರ, ಒಂದಕ್ಕೊಂದು ಹೊಂದುವುದಿಲ್ಲ. ಅವಳು ಪೆಟ್ಟಿನ ಮೇಲೆ ಪೆಟ್ಟು ಹಾಕುತ್ತಿರಲಿಲ್ಲ, ನಡುವಿನ ಖಾಲಿ ಜಾಗ ನೋಡಿ ಹಾಕುತ್ತಿದ್ದಳು. ಆಗ ಎಂಟೂ ಮಗ್ಗಗಳು ಅವಳ ಮಾತು ಕೇಳಿ ನಡೆಯುತ್ತಿವೆ ಅನ್ನಿಸುತ್ತಿತ್ತು.

ಪೀಟರ್ ಮಾಸ್ತರರು ಮುಂಬಯಿಯ ಹೋಟೆಲುಗಳಲ್ಲಿ ಪಿಯಾನೋ ನುಡಿಸಿ ನಿವೃತ್ತರಾಗಿ, ಹೆಂಡತಿಯ ತವರಾದ ಜಮಖಂಡಿಗೆ ಬಂದು ನೆಲೆಸಿದವರು. ಅವತ್ತು ಹೆಂಡತಿಗೆ ಸೀರೆ ಕೊಡಿಸಲು ನಮ್ಮ ಮನೆಗೆ ಬಂದಿದ್ದರು. ಪಡಸಾಲೆಯಲ್ಲಿ ಅಪ್ಪ ಸೀರೆ ಬಿಚ್ಚಿ ತೋರಿಸುತ್ತಿದ್ದರೆ ಇವರ ಕಿವಿ ಒಳಗಿನ ಡಬ್ಬಿಯ ಮೇಲೆ. ಎದ್ದು ಶೆಡ್ಡಿಗೇ ಬಂದರು. ಅಷ್ಟರಲ್ಲಿ ಆ ತುದಿಯ ಮಗ್ಗದಲ್ಲಿ ಎಳೆ ಹರಿದು, ಅಕ್ಕ ಡಬ್ಬಿ ನನ್ನ ಕೈಗಿಟ್ಟು ಅತ್ತ ಓಡಿದ್ದಳು.

"ಯಾರು ಬಾರಸಾಕತ್ತಿದ್ರು?" ಮಾಸ್ತರರು ಬಗ್ಗಿ ಕೇಳಿದರು.

ಇಲ್ಲೊಂದು ಮಾತು ಹೇಳಬೇಕು. ಮಗ್ಗದ ಮನೆಯವರು ಶೆಡ್ಡಿನೊಳಗೆ ಕೂಗಾಡುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ. ನಾವು ತುಟಿ ನೋಡಿ ಮಾತಾಡುತ್ತೇವೆ. ಈ ತುದಿಯವರು ತುಟಿ ಅಲ್ಲಾಡಿಸಿದರೆ ಆ ತುದಿಯವರಿಗೆ ತಿಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಗುಟ್ಟು ಹೇಳುವಾಗ ದನಿ ತಗ್ಗಿಸುವುದಲ್ಲ, ಬಾಯಿಗೆ ಕೈ ಅಡ್ಡ ಹಿಡಿಯುವುದು.

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಮಾಸ್ತರರ ಕಿವಿಯಲ್ಲಿ ಹೇಳಿದೆ — "ನಾನ ರೀ."

ಚಿಕ್ಕವಳಿದ್ದೆ, ಬಾಯಿ ತಪ್ಪಿ ಬಂತು ಅಂತ ಹೇಳಿಕೊಳ್ಳಬಹುದಿತ್ತು. ಆದರೆ ಆ ಕೈ — ಆ ಕೈ ಇದೆಯಲ್ಲ. ಬಾಯಿ ತಪ್ಪಿ ಮಾತಾಡುವವರು ಕೈ ಅಡ್ಡ ಹಿಡಿಯುವುದಿಲ್ಲ.

ಮಾಸ್ತರರು ಹಿಗ್ಗಿಹೋದರು. ಅಪ್ಪನಿಗೆ ಹೇಳಿದರು, "ಈ ಹುಡುಗೀನ್ನ ವಾರಕ್ಕ ಎರಡು ದಿನ ಜಮಖಂಡಿಗೆ ಕಳಸ್ರಿ. ಪುಕ್ಕಟೆ ಕಲಸ್ತೀನಿ." ಇಬ್ಬರಲ್ಲಿ ಒಬ್ಬಳನ್ನು ಬಿಟ್ಟುಕೊಡಲು ಮಾತ್ರ ಅಪ್ಪನಿಂದ ಸಾಧ್ಯವಿತ್ತು. ಮಗ್ಗ ನಡೆಯಬೇಕಲ್ಲ. ನಾನು ಬಸ್ಸು ಹತ್ತಿದೆ.

ಮೊದಲ ಪಾಠಕ್ಕೇ ಸಿಕ್ಕಿಬೀಳುವುದರಲ್ಲಿದ್ದೆ. ಮಾಸ್ತರರು ಮೇಜಿನ ಮೇಲೆ ತಾಳ ಹಾಕಿ, "ಅವತ್ತಿನ ಹಂಗ ಬಾರಸು" ಅಂದರು. ನನ್ನ ಕೈ ಅವರ ಪೆಟ್ಟಿನ ಮೇಲೇ ಧಪಧಪ ಬೀಳುತ್ತಿತ್ತು. "ಅಂಜ್ಯಾಳ, ಇರಲಿ" ಅಂದರು ಆ ಪುಣ್ಯಾತ್ಮರು. ಮನೆಗೆ ಬಂದು ಅಕ್ಕನ ಮುಂದೆ ಕೂತೆ. ನಡುವಿನ ಪೆಟ್ಟು ಹೆಂಗ ಹಾಕ್ತಿ, ತೋರಸು ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ನನ್ನ ಮುಖ ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಎಡಗೈ ಹಿಡಿದು ಡಬ್ಬಿಯ ಮೇಲೆ ಇಟ್ಟಳು. ಎಷ್ಟೋ ತಿಂಗಳು ಹಾಗೆ ನಡೆಯಿತು. ಜಮಖಂಡಿಯಲ್ಲಿ ನನ್ನ ಬಲಗೈ ಕಲಿಯುತ್ತಿತ್ತು, ಬನಹಟ್ಟಿಯಲ್ಲಿ ಎಡಗೈ.

ಆಮೇಲಿನದೆಲ್ಲ ಗೆಲುವೇ, ಸುಳ್ಳು ವಿನಯ ಯಾಕೆ? ಬೆರಳು ಬಾತುಕೊಳ್ಳುವಷ್ಟು ದುಡಿದಿದ್ದೇನೆ. ಮುಂಬಯಿಯಲ್ಲಿ ಹೋಟೆಲಿಗೆ ಬಂದವರು ಊಟ ಮಾಡುವಾಗ ನುಡಿಸಿದೆ, ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಒಂದು ದಿನ ಒಬ್ಬ ಚಮಚ ಕೆಳಗಿಟ್ಟ. ಮರುವಾರ ಆ ಸಾಲಿನವರೆಲ್ಲ ಇಟ್ಟರು. ಆಮೇಲೆ ನನ್ನದೇ ತಂಡ, ನನ್ನದೇ ರಚನೆಗಳು, ಹೆಸರು ಹೇಳಲು ನಾಲಿಗೆ ಹೊರಳದ ಊರುಗಳಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುವ ಜನ. ಮಾಸ್ತರರು ಕೊನೆಯ ಸಲ ಸಿಕ್ಕಾಗ, "ನಿನ್ನಂಥಾ ಎಡಗೈ ಯಾರಿಗೂ ಇಲ್ಲ ನೋಡು" ಅಂದರು. ಆಗಲಾದರೂ ಹೇಳಬೇಕಿತ್ತು — ಹೇಳಲಿಲ್ಲ. ಅವರು ಆ ಸುಳ್ಳು ನಂಬಿಯೇ ತೀರಿಕೊಂಡರು.

ಹೋದ ತಿಂಗಳು ಬನಹಟ್ಟಿಯಲ್ಲಿ ನನ್ನ ಕಛೇರಿ ಇಟ್ಟುಕೊಂಡರು. ನಮ್ಮೂರಲ್ಲಿ ಮೊದಲ ಸಲ. ಪಿಯಾನೋ ಹುಬ್ಬಳ್ಳಿಯಿಂದ ಲಾರಿಯಲ್ಲಿ ಬಂತು. ಇಳಿಸಿದವರು ಮಗ್ಗ ಸಾಗಿಸುವ ಹಮಾಲರು. ಅವರಲ್ಲೊಬ್ಬ, "ಇದಕ್ಕ ಎಷ್ಟು ಲಾಳಿ ಅದಾವ್ರಿ ಅಕ್ಕಾರ?" ಅಂತ ಕೇಳಿ ನನ್ನನ್ನು ನಗಿಸಿದ.

ಅವತ್ತು ಬೆಳಿಗ್ಗೆ ಅಕ್ಕನ ಮುಂದೆ ಕೂತೆ. ಇಷ್ಟು ವರ್ಷ ಮಗ್ಗದ ಸದ್ದಿನಲ್ಲೇ ಬದುಕಿದ ಅವಳಿಗೆ ಈಗ ಕಿವಿ ಹೆಚ್ಚುಕಡಿಮೆ ಕೇಳಿಸುವುದಿಲ್ಲ. ದನಿಯಿಲ್ಲದೆ, ಬರೀ ತುಟಿಯಲ್ಲಿ ಎಲ್ಲ ಹೇಳಿದೆ. ಮಾಸ್ತರರು ಕೇಳಿದ್ದು, ನಾನು ಹೇಳಿದ್ದು.

"ಗೊತ್ತೈತಿ ಬೇ," ಅಂದಳು ಅಕ್ಕ.

"ಹೆಂಗ?" ಅಂತ ತುಟಿ ಆಡಿಸಿದೆ.

"ನೀ ಬಾಯಿಗೆ ಕೈ ಅಡ್ಡ ಹಿಡದಿದ್ದಿ. ಮಾಸ್ತರ ಎಲ್ಲಿ ಹಿಡದಿದ್ರು? 'ನೀನ? ಡಬ್ಬಿ ಬಾರಸಿದಾಕಿ ನೀನ?' ಅಂತ ಬಾಯಿ ತುಂಬ ಅಂದ್ರು. ಆ ತುದಿಗೆ ನಿಂತು ಓದೀನಿ."

ಹೌದು. ಹೊರಗಿನವರಿಗೆ ನಮ್ಮ ರೂಢಿ ಏನು ಗೊತ್ತು? ನನ್ನ ತುಟಿ ಮುಚ್ಚಿಕೊಂಡು ಬಚಾವಾದೆ ಅಂದುಕೊಂಡಿದ್ದೆ — ಅವರ ತುಟಿ ಮರೆತಿದ್ದೆ. ನಾನು ಬಸ್ಸು ಹತ್ತುವ ಮೊದಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಎಡಗೈ ಹಿಡಿದು ಕಲಿಸಿದ್ದಳು.

"ಮತ್ತ ಯಾಕ ಸುಮ್ಮನಿದ್ದಿ, ಅಕ್ಕಾ?"

"ನೀನ ಹೇಳ್ತಿ ಅಂತ ಕಾದೆ. ಕಲಸೂದು ನಾ ನನ್ನ ಸಲುವಾಗಿ ಕಲಸಿದೆ. ನಾ ಹೋಗಲಿಲ್ಲಂದ್ರ ನನ್ನ ಪೆಟ್ಟಾದ್ರೂ ಹೋಗಲಿ ಅಂತ."

"ಸಿಟ್ಟೈತಿ?"

"ಐತಿ," ಅಂದಳು. ಹಾಗಂದವಳೇ ಚಹಾ ಇಡಲು ಒಳಗೆ ಹೋದಳು.

ಸಂಜೆ ಸಭಾಭವನ ತುಂಬಿ ಹೊರಗೂ ಜನ ನಿಂತಿದ್ದರು. ರಬಕವಿ, ತೇರದಾಳದಿಂದಲೂ ಬಂದಿದ್ದರು. ನಿರೂಪಕರು ಅದೇ ಕಥೆ ಓದಿದರು, ಡಬ್ಬಿ ಬಾರಿಸುವ ಹುಡುಗಿಯದು. ಅವರ ಕೈಯಿಂದ ಮೈಕು ತೆಗೆದುಕೊಂಡು ಹೇಳಿದೆ — ಇದು ಸುಳ್ಳು, ಸುಳ್ಳು ಹೇಳಿದವಳು ನಾನು, ಆ ಹುಡುಗಿ ಮೊದಲ ಸಾಲಿನಲ್ಲಿ ಕೂತಿದ್ದಾಳೆ.  ಅಕ್ಕ ನನ್ನ ತುಟಿ ಓದುತ್ತಿದ್ದಳು. ಕರೆದೆ. ಬರುತ್ತಾಳೋ ಇಲ್ಲವೋ — ಬಂದಳು. ಕೈಚೀಲದಲ್ಲಿ ಅದೇ ತಗಡಿನ ಡಬ್ಬಿ, ಒಂದು ಬರಿಗಂಡಿಕೆ. ಯಾವಾಗ ಹಾಕಿಕೊಂಡಿದ್ದಳೋ.

ಪಿಯಾನೋದ ಪಕ್ಕದ ಮೇಜಿನ ಮೇಲೆ ಡಬ್ಬಿ ಬೋರಲು ಹಾಕಿ, ಎಡಗೈಯನ್ನು ಪಿಯಾನೋದ ಮರದ ಮೇಲೆ ಅಗಲವಾಗಿ ಒತ್ತಿ ನಿಂತಳು. ಕಿವಿಗೆ ಬಾರದ್ದು ಅಂಗೈಗೆ ಬರುತ್ತಿತ್ತು. ನಾನು ಶುರು ಮಾಡಿದೆ. ನಾಲ್ಕು ಸುತ್ತು ಸುಮ್ಮನೆ ಕೇಳಿ, ಬಲಗೈಯ ಕಂಡಿಕೆಯಿಂದ ಮೊದಲ ಪೆಟ್ಟು ಹಾಕಿದಳು. ಆ ಖಾಲಿ ಜಾಗಕ್ಕೇ, ಸರಿಯಾಗಿ! ನನ್ನ ಎದೆ ಹಿಗ್ಗಿತು. ಲೋಕದ ದೊಡ್ಡ ದೊಡ್ಡ ಡ್ರಮ್ಮಿನವರ ಜೊತೆ ನುಡಿಸಿದ್ದೇನೆ, ಹೀಗೆ ಯಾರೂ ನನ್ನನ್ನು ಎತ್ತಿ ಓಡಿಸಿರಲಿಲ್ಲ. ಮುಗಿದಾಗ ಇಡೀ ಭವನ ಎದ್ದು ನಿಂತಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ.

ಅಕ್ಕನಿಗೆ ಅದು ಕೇಳಿಸದು. ಅವಳ ಎದುರು ನಿಂತು, ಎರಡೂ ಕೈ ಕೆಳಗಿಟ್ಟು, ಬಾಯಿ ತುಂಬ ಹೇಳಿದೆ, "ಚಪ್ಪಾಳಿ ನಿನಗ ಅಕ್ಕಾ. ಎಲ್ಲಾ ನಿನಗ."

ಓದಿಕೊಂಡಳು. ಕಣ್ಣು ತುಂಬಿದವು. ಕಿವಿ ಕೇಳಿಸದವರ ಆ ಎತ್ತರದ ದನಿಯಲ್ಲಿ, ಮೈಕಿನ ಹತ್ತಿರವೇ, ಊರೆಲ್ಲ ಕೇಳುವಂತೆ ಅಂದಳು:

"ನಿನ್ನ ಎಡಗೈ ಇನ್ನೂ ತಡಾ ಬೀಳತೈತಿ ಬೇ!"

ಭವನವೆಲ್ಲ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಖರೆ ಇತ್ತು. ಮರುದಿನ ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಅವಳ ಮುಂದೆ ಕೂತೆ, ಎಡಗೈ ಚಾಚಿದೆ.