ಬಟ್ಟೆಕಪಾಟಿನ ಕಥೆಗಾರ

ಅಮೆರಿಕದ ಡುಲೂತ್ ಊರಿನಲ್ಲಿ ನಮ್ಮ ಮೇಲಿನ ಮಹಡಿಯ ಕಾದಂಬರಿಕಾರ ಥೇಡಿಯಸ್ ದಿನಾ ಬೆಳಿಗ್ಗೆ ಫ್ರಿಜ್ ಆರಿಸಿ, ಕಾರಿನ ಕೀಲಿಯನ್ನು ಅದರೊಳಗಿಡುತ್ತಾನೆ. ಫ್ರಿಜ್ಜಿನ ಗುಂಯ್ ಸದ್ದು ಧ್ವನಿಮುದ್ರಣದಲ್ಲಿ ಸೇರಬಾರದು, ಹೊರಡುವಾಗ ಕೀಲಿ ತೆಗೆಯಲು ಹೋದರೆ ಫ್ರಿಜ್ ಮತ್ತೆ ಹಾಕುವುದೂ ನೆನಪಾಗಬೇಕು. ಆಮೇಲೆ ಬಟ್ಟೆಕಪಾಟಿನೊಳಗೆ ಕೂತು ತನ್ನ ಹೊಸ ಕಥೆಯನ್ನು ಮೈಕಿಗೆ ಓದಿ, ಜನ ಕೇಳಲೆಂದು ಇಂಟರ್ನೆಟ್ಟಿಗೆ ಹಾಕುತ್ತಾನೆ. ಮೆಟ್ಟಿಲಲ್ಲಿ ಸಿಕ್ಕರೆ ಹೊಗಳುವುದು ಮಾತ್ರ ಬೇರೆಯವರದನ್ನೇ: "ಆ ಮೀನುಗಾರ್ತಿಯ ಧಾರಾವಾಹಿ ಕೇಳಿದ್ರಾ? ಅದರ ಮುಂದೆ ನಂದು ಬರೀ ಗೊರಕೆ ಕಣ್ರೀ." "ಪ್ರಾರ್ಥನೆ ಮುಗಿಸಿ ನಿನ್ನ ಗೊರಕೇನೇ ಕೇಳ್ತೀನಪ್ಪ," ಎಂದು ನಾನೆಂದರೆ ನಾಚುತ್ತಾನೆ. ಯಾವಾಗಲೂ ನಗಿಸುವವನ ಈ ಸಲದ ಕಥೆಯಲ್ಲಿ ನಗುವೇ ಇಲ್ಲ. ನಿನ್ನೆ ಸೂಪ್ ಕೊಡಲು ಹೋದಾಗ ಕಪಾಟು ತೆರೆದಿತ್ತು. ಒಳಗೆಲ್ಲ ಅವನ ತೀರಿಹೋದ ಹೆಂಡತಿ ನೋರೀನ್‌ಳ ಉಣ್ಣೆಯ ಕೋಟುಗಳು. "ಚರ್ಚಿನಲ್ಲಿ ಬಡವರಿಗೆ ಕೋಟು ಕೇಳ್ತಿದ್ದಾರೆ. ನಾನೇ ಮಡಚಿ ಕೊಟ್ಟುಬರ್ಲಾ?" ಎಂದೆ. ಅವನು ಒಂದು ಕೋಟಿನ ತೋಳನ್ನು ಹಿಡಿದುಕೊಂಡು, "ಬೇಡಮ್ಮ. ಇವು ಇಲ್ದಿದ್ರೆ ನನ್ನ ದನಿ ಗೋಡೆಗೆ ಬಡಿದು ನಂಗೇ ವಾಪಸ್ ಬರುತ್ತೆ," ಎಂದ.