ಅಕ್ಕನ ಜಗಳಕ್ಕೆ ವೀಸಾ

ನನ್ನ ಕೋಣೆಯ ಕೆಳಗೆ ಟೈಲರ್ ಅಕ್ಕನ ಅಂಗಡಿ. ಎರಡು ಮಿಷನ್, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊಂದು ಕನ್ನಡಿ, ಅಷ್ಟೇ. ಮೂವತ್ತು ವರ್ಷದಿಂದ ಈ ಬೀದಿಯ ಹೆಂಗಸರ ಅಳತೆಯೆಲ್ಲ ಅವರಿಗೆ ಬಾಯಿಪಾಠ. ಯಾರು ಸೊರಗಿದರು ಎಂಬುದು ಡಾಕ್ಟರಿಗಿಂತ ಮೊದಲು ಅವರ ಟೇಪಿಗೆ ಗೊತ್ತಾಗುತ್ತದೆ. ಆದರೆ ಬಾಯಿ ಬಿಡುವುದಿಲ್ಲ. "ಈ ಸಲ ಸ್ವಲ್ಪ ಬಿಗಿ ಮಾಡ್ಲಾ?" ಎಂದು ಕೇಳುತ್ತಾರೆ ಅಷ್ಟೆ. ಮಿಷನ್ ಕೆಟ್ಟರೆ ತಾವೇ ಬಿಚ್ಚಿ ಕೂರುತ್ತಾರೆ. ಕೈಲಾಗುವ ಕೆಲಸಕ್ಕೆ ಇನ್ನೊಬ್ಬರಿಗೆ ಕಾಸು ಕೊಡುವುದು ಅವರ ಲೆಕ್ಕದಲ್ಲಿ ಸೋಮಾರಿತನ.

ನನ್ನ ಲೆಕ್ಕದಲ್ಲೂ ಹಾಗೆಯೇ. ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ತಿದ್ದುತ್ತ, ನಿಘಂಟು ಮಗುಚುತ್ತ ಇಂಗ್ಲಿಷ್ ಕಲಿತವನು ನಾನು. ನಮ್ಮಿಬ್ಬರ ಈ ಜಂಬ ಸೇರಿ ಒಂದು ಅನಾಹುತ ಮಾಡಿತು. ಇಬ್ಬರ ಜಂಬ ಎಂದು ಬರೆದು ಅರ್ಧ ಪಾಲು ಆ ಹೆಂಗಸಿನ ತಲೆಗೆ ಕಟ್ಟುತ್ತಿದ್ದೇನೆ, ನೋಡಿ. ತಪ್ಪು ಪೂರ್ತಿ ನನ್ನದು.

ಅಕ್ಕನಿಗೆ ಒಬ್ಬಳೇ ತಂಗಿ. ಹೊರದೇಶದಲ್ಲಿ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಏಳು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವಳು ಬರಲಿಲ್ಲ. "ಟಿಕೆಟ್ ದುಡ್ಡು ಅಮ್ಮನಿಗಿಂತ ಹೆಚ್ಚಾಯ್ತೇನೇ?" ಎಂದು ಅಕ್ಕ ಫೋನಿನಲ್ಲಿ ಕೇಳಿದರು. ಆ ಕಡೆ ಫೋನ್ ಕಟ್ಟಾಯಿತು. ಅಲ್ಲಿಂದಾಚೆಗೆ ಇಬ್ಬರ ಮಾತೆಂದರೆ "ಊಟ ಆಯ್ತಾ", "ಆಯ್ತು". ಈ ವರ್ಷ ತಂಗಿಗೆ ಗಂಟಲಲ್ಲಿ ಗಂಟು. ಆಪರೇಷನ್‌ಗೆ ಆರು ವಾರವಿತ್ತು. ಅದಾದ ಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಮೇಷ್ಟ್ರೇ, ವೀಸಾ ಮಾಡಿಸ್ಬೇಕು," ಎಂದರು ಅಕ್ಕ. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಆದರೂ ಅವರ ಬಾಯಲ್ಲಿ ಮೇಷ್ಟ್ರು. "ಅವಳ ದನಿ ಹೋಗೋಕೆ ಮುಂಚೆ ಒಂದು ಜಗಳ ಬಾಕಿ ಇದೆ."

"ಫೋನಲ್ಲೇ ಆಡಿ ಮುಗಿಸಿ ಅಕ್ಕಾ."

"ಫೋನಲ್ಲಿ ಜಗಳ ಶುರು ಮಾಡಬಹುದು, ಮುಗಿಸೋಕಾಗಲ್ಲ. ಕಟ್ ಮಾಡ್ಬಿಡ್ತಾಳೆ. ಎದುರಿಗೆ ಕೂತರೆ ಎಲ್ಲಿಗೆ ಹೋಗ್ತಾಳೆ?"

ಅದೇ ತಿಂಗಳು ನಾನು ವೀಸಾ ಕೇಂದ್ರಗಳ ಸುಲಿಗೆಯ ಬಗ್ಗೆ ಪತ್ರಿಕೆಯ ಇದೇ ಅಂಕಣದಲ್ಲಿ ಕೆಂಡ ಕಾರಿದ್ದೆ. ಈಗ ಕೈಗೆ ಸಿಕ್ಕಿದ ಅಕ್ಕನ ಮೇಲೆ ಅದನ್ನು ಪ್ರಯೋಗ ಮಾಡುವ ಹುಮ್ಮಸ್ಸು. ಏಜೆಂಟ್ ಬೇಡ, ಅರ್ಜಿ ನಾನೇ ತುಂಬುತ್ತೇನೆ. ತಂಪು ಕೋಣೆಯಲ್ಲಿ ಕೂರಿಸುವ ಶುಲ್ಕ ಬೇಡ, ಮೊಬೈಲಿಗೆ ಸಂದೇಶ ಕಳಿಸುವ ಶುಲ್ಕ ಬೇಡ. ವೀಸಾ ಕೈಗೆ ಬರುವ ತನಕ ಟಿಕೆಟ್ ಕೊಳ್ಳಬೇಡಿ. ಫೋಟೋ ಅಲ್ಲಿ ತೆಗೆಸಬೇಡಿ, ನಮ್ಮ ಬೀದಿಯಲ್ಲೇ ಆಗುತ್ತದೆ. ಒಂದೊಂದನ್ನು ಹೊಡೆದು ಹಾಕಿದಾಗಲೂ ಅಕ್ಕ "ಭಲೇ" ಎನ್ನುತ್ತಿದ್ದರು. ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಸರಿಯೇ.

ಉಳಿದದ್ದು ಇಬ್ಬರ ಜನನ ಪತ್ರ. ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಅವೇ ಸಾಕ್ಷಿ, ಎರಡೂ ಕನ್ನಡದಲ್ಲಿ. ಭಾಷಾಂತರಕ್ಕೆ ಅಧಿಕೃತ ಭಾಷಾಂತರಕಾರರ ಸೀಲು ಬೇಕು ಎಂದು ಸೂಚನೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು. ನಾನು ಓದಿದ್ದೆ. ಓದಿರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು, ಆದರೆ ಓದಿದ್ದೆ.

"ಸೀಲು ಬೇಕಂತಲ್ಲ ಮೇಷ್ಟ್ರೇ? ಕೋರ್ಟಿನ ಹಿಂದೆ ಒಬ್ಬರು ಮಾಡಿಕೊಡ್ತಾರಂತೆ."

"ಹತ್ತು ಸಾಲಿಗೆ ಅಷ್ಟು ದುಡ್ಡಾ? ನಿಮ್ಮಂಥವರ ಹೆದರಿಕೆಯೇ ಇವರಿಗೆಲ್ಲ ಬಂಡವಾಳ. ನಾನು ಮಾಡಿದ್ದರಲ್ಲಿ ಒಂದು ತಪ್ಪು ತೋರಿಸಲಿ ನೋಡೋಣ!"

ತಪ್ಪೇನೂ ಇರಲಿಲ್ಲ. ಅಲ್ಪವಿರಾಮ ಕೂಡ ಇರಬೇಕಾದಲ್ಲೇ ಇತ್ತು.

ಕೇಂದ್ರದ ಕೌಂಟರಿನ ಹುಡುಗಿ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಸೀಲಿಲ್ಲ ಆಂಟಿ. ನಾಳೆ ಮಾಡಿಸ್ಕೊಂಡು ಬನ್ನಿ, ತಗೋತೀನಿ. ಇಲ್ಲಾಂದ್ರೆ ಕೊರತೆ ಇದ್ದರೂ ಕೊಡ್ತಿದೀನಿ ಅಂತ ಸಹಿ ಹಾಕಿ." ಅಕ್ಕ ತಿರುಗಿ ನನ್ನ ಮುಖ ನೋಡಿದರು. "ಹಾಕಿ, ಹೆದರಿಸ್ತಾರೆ ಅಷ್ಟೆ," ಎಂದೆ ನಾನು. ಅಕ್ಕ ಸಹಿ ಹಾಕಿದರು.

ಎರಡು ವಾರಕ್ಕೆ ಉತ್ತರ ಬಂತು. ಸಂಬಂಧ ಸಾಬೀತಾಗಿಲ್ಲ, ಅರ್ಜಿ ತಿರಸ್ಕೃತ.

ಮತ್ತೆ ಶುಲ್ಕ, ಮತ್ತೆ ಸರದಿ. ಕೋರ್ಟಿನ ಹಿಂದಿನ ಭಾಷಾಂತರದ ಮುದುಕರ ಹತ್ತಿರ ಈ ಸಲ ನಾನೇ ಹೋದೆ. ಬಾಗಿಲಿಲ್ಲದ ಕೋಣೆ, ಕಾಲು ಮುರಿದ ಕುರ್ಚಿ. ಅವರು ಮೂಲಪತ್ರವನ್ನು ಎರಡು ಸಲ ಓದಿ, ಪ್ರತಿ ಹಾಳೆಗೂ ಸಹಿ ಮಾಡಿ, ತಮ್ಮ ನೋಂದಣಿ ಸಂಖ್ಯೆ ಬರೆದರು. "ನಾಳೆ ಯಾರಾದರೂ ತಪ್ಪು ಅಂದ್ರೆ ಬಂದು ಉತ್ತರ ಹೇಳೋನು ನಾನು. ಆ ಸೀಲು ಅದಕ್ಕೆ," ಎಂದರು. ಸುಮ್ಮನೆ ಕಿತ್ತುಕೊಳ್ಳುವವನನ್ನೂ ದುಡಿದು ಹೊಣೆ ಹೊರುವವನನ್ನೂ ಒಂದೇ ಗೂಟಕ್ಕೆ ಕಟ್ಟಿ ಬೈದಿತ್ತು ನನ್ನ ಸಿಟ್ಟು. ಆ ಬೈಗುಳಕ್ಕೆ ಓದುಗರ ಮೆಚ್ಚುಗೆ ಪತ್ರಗಳೂ ಬಂದಿದ್ದವು.

ವೀಸಾ ಕೈಗೆ ಬಂದದ್ದು ಆಪರೇಷನ್ ಮುಗಿದ ಐದನೆಯ ದಿನ. ಅಕ್ಕ ಹೋದರು. ಹೊರಡುವಾಗ ನನಗೆ ಒಂದು ಬಿರುಮಾತನ್ನೂ ಆಡಲಿಲ್ಲ. ಆಡಿದ್ದರೆ ನಾನು ವಾದಕ್ಕಾದರೂ ನಿಲ್ಲುತ್ತಿದ್ದೆ.

ತಿಂಗಳಾದ ಮೇಲೆ ಬಂದರು. ಕೆಳಗೆ ಮಿಷನ್ ಸದ್ದು ಕೇಳಿ ಇಳಿದು ಹೋದೆ. ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದರು.

"ತಂಗಿ ಹೇಗಿದ್ದಾರೆ?"

"ಚೆನ್ನಾಗಿದಾಳೆ. ಗಂಜಿ ಇಳಿಯುತ್ತೆ." ದಾರ ಕಚ್ಚಿ ತುಂಡು ಮಾಡಿದರು. "ನಾನು ಕೇಳ್ದೆ, ಅಮ್ಮ ಹೋದಾಗ ಯಾಕೆ ಬರ್ಲಿಲ್ಲ ಅಂತ. ಕಾಗದದ ಮೇಲೆ ಬರೆದಳು. ಆಗ ಅವಳ ಪಾಸ್‌ಪೋರ್ಟು ಯಾವುದೋ ಆಫೀಸಲ್ಲಿ ಸಿಕ್ಕಿಹಾಕ್ಕೊಂಡಿತ್ತಂತೆ."

ಅಕ್ಕ ಹೊಲಿದ ತೋಳನ್ನು ಮಗುಚಿ ನೋಡಿದರು.

"ಇಷ್ಟು ವರ್ಷ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ, ಅಂತ ಉಗೀಬೇಕು ಅನ್ನಿಸ್ತು. ಅವಳೂ ನಂಗೆ ನಾಲ್ಕು ಮಾತು ತಿರುಗಿಸಿ ಹೇಳ್ಬೇಕಿತ್ತು. ಅವಳ ಗಂಟಲು ನೋಡಿ ಸುಮ್ಮನಾದೆ. ದನಿ ಇಲ್ಲದವಳ ಹತ್ರ ಹೇಗೆ ಜಗಳ ಆಡೋದು ಮೇಷ್ಟ್ರೇ?"

ಇನ್ನೊಂದು ತೋಳನ್ನು ಎತ್ತಿಕೊಂಡು, ಮಿಷನ್ ತುಳಿಯತೊಡಗಿದರು.