ಅಲಾರಂ ಮೇಡಂ ಮತ್ತು ನಮ್ಮ ಭಾವನ ಕಾಲು

ಆಕೆಯನ್ನು ಮೊದಲು ನೋಡಿದಾಗ ಹಾಸಿಗೆ ಖಾಲಿ ಮಾಡಿಸಲು ಬಂದವರೆಂದೇ ತಿಳಿದೆ. ನ್ಯುಮೋನಿಯಾ ಆಗಿ, ಗಂಟಲಿಗೆ ಉಸಿರಿನ ಕೊಳವೆ ಹಾಕಿಸಿಕೊಂಡು ಆರು ದಿನದಿಂದ ಐಸಿಯುನಲ್ಲಿ ಮಲಗಿದ್ದ ನಮ್ಮ ಭಾವನಿಗೆ ಆಕೆ, "ಏಳಿ ಸಾರ್, ಕಾಲು ಕೆಳಗೆ ಬಿಡಿ" ಎನ್ನುತ್ತಿದ್ದರು. ನನ್ನ ರಕ್ತ ಕುದಿಯಿತು.

"ಏನ್ರೀ, ಇನ್ನೊಬ್ಬ ಪೇಷಂಟ್ ಬಂದ ಅಂತ ಇವರನ್ನ ಎಬ್ಬಿಸ್ತೀರಾ? ಇವರು ಯಾರು ಗೊತ್ತಾ?"

"ಗೊತ್ತು. ಏಳನೇ ನಂಬರ್ ಬೆಡ್."

ಆಕೆ ಫಿಸಿಯೋಥೆರಪಿಸ್ಟ್. ಮಲಗಿದವರನ್ನು ಎಬ್ಬಿಸುವುದೇ ಇಪ್ಪತ್ತೆರಡು ವರ್ಷದಿಂದ ಕಸುಬಾದ್ದರಿಂದ ನರ್ಸುಗಳು ಇಟ್ಟ ಹೆಸರು ಅಲಾರಂ ಮೇಡಂ. ಹಿಂದೊಮ್ಮೆ ಆಕೆಯ ಅಮ್ಮನಿಗೆ ಆಪರೇಷನ್ ಆದಾಗ ಮನೆಮಂದಿಯೆಲ್ಲ ಅಲ್ಲಾಡಬೇಡ, ಅಲ್ಲಾಡಬೇಡ ಎಂದು ಪ್ರೀತಿಯಿಂದ ಮಲಗಿಸಿಟ್ಟರಂತೆ. ತಿಂಗಳಲ್ಲಿ ಕಾಲು ಕಡ್ಡಿಯಾಯಿತು. ಮತ್ತೆ ನೆಲಕ್ಕೆ ಊರಲಿಲ್ಲ. ಇದನ್ನು ಹೇಳಿದ್ದು ಭಾವನ ಮೀನಖಂಡ ಒತ್ತಿ ನೋಡುತ್ತಾ. "ಇದೂ ಅದೇ ದಾರಿ ಹಿಡಿದಿದೆ. ಈಗ ಕೂರದಿದ್ರೆ ಉಸಿರಿನ ಮೆಷಿನ್ ಬಿಡಿಸೋದೂ ಕಷ್ಟ, ಆಮೇಲೆ ನಡೆಯೋದೂ ಕಷ್ಟ."

ಪಕ್ಕದಲ್ಲಿದ್ದ ಅಕ್ಕ ತಾನೂ ಬಗ್ಗಿ ಭಾವನ ಕಾಲು ಮುಟ್ಟಿ ನೋಡಿದಳು.

ಭಾವ ಇಲಾಖೆಯೊಂದರ ಮುಖ್ಯಸ್ಥರಾಗಿದ್ದವರು. ಮೂವತ್ತು ವರ್ಷ ಯಾರು ಬಂದರೂ ಎದ್ದು ನಿಂತವರಲ್ಲ. ಕೊಳವೆಯಿಂದಾಗಿ ಮಾತಾಡಲಾಗದೆ, ಬರೆಯಲು ಕೊಟ್ಟಿದ್ದ ಪುಟ್ಟ ಹಲಗೆಯ ಮೇಲೆ ಬರೆದರು: 'ಲಿಖಿತ ಆದೇಶ ಎಲ್ಲಿ?'

"ಫೈಲಲ್ಲಿದೆ ಸಾರ್, ಡಾಕ್ಟರ್ ಸಹಿ ಸಮೇತ. ಎದ್ದು ಕೂತ್ರೆ ತೋರಿಸ್ತೀನಿ."

ಒಬ್ಬ ನರ್ಸ್ ಕೊಳವೆ ಹಿಡಿದರು, ಇನ್ನೊಬ್ಬರು ವೈರುಗಳನ್ನು ಸರಿಸಿದರು. ಮೇಡಂ ಮಾನಿಟರ್ ಮೇಲೊಂದು ಕಣ್ಣಿಟ್ಟು ಬೆನ್ನಿಗೆ ಕೈಕೊಟ್ಟರು. ಭಾವ ಮಂಚದ ಅಂಚಿನಲ್ಲಿ ಕೂತು, ಬೆವರುತ್ತಾ, ಎರಡು ನಿಮಿಷ ಫೈಲನ್ನು ಪರಿಶೀಲಿಸಿದರು. ದಿನಾಂಕ ಹಾಕಿಲ್ಲವೆಂದು ಬರೆದು ತೋರಿಸಿದರು.

"ಹೌದಲ್ಲ! ನಾಳೆ ಹಾಕಿಸ್ಕೊಂಡು ಬರ್ತೀನಿ. ನಾಳೆನೂ ಕೂತು ನೋಡ್ಬೇಕು ನೀವು."

ಹೀಗೆ ದಿನಕ್ಕೊಂದು ಆಕ್ಷೇಪಣೆಯ ಮೇಲೆ ಭಾವ ಕೂತರು, ನಿಂತರು. ಮೂರನೇ ದಿನ ಕೊಳವೆ ಹೊರಬಂತು. ಐದನೇ ದಿನ ಮೂಗಿಗೆ ಆಕ್ಸಿಜನ್ ಇಟ್ಟುಕೊಂಡೇ ವಾಕರ್ ಹಿಡಿದು ಹನ್ನೆರಡು ಹೆಜ್ಜೆ ಹಾಕಿದರು. ಅಕ್ಕ ಅತ್ತಳು. ನೆಂಟರೆಲ್ಲ ದೊಡ್ಡ ಡಾಕ್ಟರಿಗೆ ಕೈಮುಗಿದರು. ಭಾವ ತಮ್ಮ ಮನೋಬಲವನ್ನು ತಾವೇ ಮೆಚ್ಚಿಕೊಂಡರು. ಬೀಳದಂತೆ ಅವರ ಸೊಂಟಕ್ಕೆ ಕಟ್ಟಿದ್ದ ಬೆಲ್ಟನ್ನು ಬಿಗಿಹಿಡಿದು ಹಿಂದೆ ಬರುತ್ತಿದ್ದ ಮೇಡಂ ಯಾರ ಕಣ್ಣಿಗೂ ಬೀಳಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ ನಾನು ನನ್ನ ಪಾಲಿನ ವಿವೇಕವನ್ನೂ ಸೇರಿಸಿದೆ: "ಮೇಡಂ, ಪೂರ್ತಿ ಶಕ್ತಿ ಬರೋವರೆಗೂ ಮಲಗಿದ್ದು ಆಮೇಲೆ ನಡೆದಿದ್ರೆ ಚೆನ್ನಾಗಿರ್ತಿತ್ತಲ್ವಾ?"

"ಮಲಗಿದ್ರೆ ಶಕ್ತಿ ಬರೋ ಹಾಗಿದ್ರೆ ನಿಮ್ಮ ಭಾವ ಇಷ್ಟೊತ್ತಿಗೆ ಪೈಲ್ವಾನ್ ಆಗಿರ್ತಿದ್ರು. ಕುರ್ಚಿ ಬಿಡಿ, ಅವರು ಕೂರಬೇಕು."